ಓಡಬಹುದಾ, ಕೂರಬೇಕಾ? ವಂಶದಿಂದ ಬಂದ ಹೃದಯ ಕಾಯಿಲೆ ಮತ್ತು ಆಟದ ಮೈದಾನ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮಕ್ಕನ ಮನೆಯಲ್ಲಿ ಒಂದು ಹಾಳೆ ಇದೆ. ಯಾರದೋ ಮದುವೆ ಕಾಗದದ ಹಿಂಬದಿ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ನಮ್ಮ ಮನೆಯ ಮೂರು ತಲೆಮಾರು ಬರೆದಿದ್ದೇವೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ, ತೀರಿಕೊಂಡವರ ಮೇಲೆ ಅಡ್ಡಗೆರೆ. ಹೀಗೆ ಬರೆದು ತನ್ನಿ ಅಂದಿದ್ದು ಹೃದಯದ ಡಾಕ್ಟರು.

ಅಕ್ಕನ ಮಗನಿಗೆ ಆಗ 22 ವರ್ಷ. ಕೆಲಸಕ್ಕೆ ಸೇರುವಾಗ ಮಾಡಿಸಿದ ಇಸಿಜಿ ಸರಿ ಬರಲಿಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಿದರೆ ಹೃದಯದ ಒಂದು ಗೋಡೆ 19 ಮಿಲಿಮೀಟರ್ ದಪ್ಪ ಇತ್ತು. ದೊಡ್ಡವರಲ್ಲಿ ಬೇರೆ ಕಾರಣ ಇಲ್ಲದೆ 15 ಮುಟ್ಟಿದರೆ ಅದು ಕಾಯಿಲೆಯ ಲೆಕ್ಕ. ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಡಾಕ್ಟರುಗಳ ಬಾಯಲ್ಲಿ ಎಚ್‌ಸಿಎಂ.

ಹುಡುಗ ಕಬಡ್ಡಿ ಆಡುತ್ತಿದ್ದ. ಮೊದಲು ತೋರಿಸಿದ ಕಡೆ ಎರಡೇ ನಿಮಿಷದಲ್ಲಿ ತೀರ್ಪು ಬಂತು. ಆಟ ಬಂದ್, ಓಟ ಬಂದ್, ಭಾರ ಎತ್ತುವುದು ಬಂದ್. ಹೊರಗೆ ಬಂದ ಮೇಲೆ ಅವನು ನನ್ನನ್ನು ಕೇಳಿದ್ದು ಒಂದೇ ಮಾತು. "ಚಿಕ್ಕಮ್ಮ, ಹಾಗಾದ್ರೆ ಇನ್ನು ಜೀವಮಾನ ಪೂರ್ತಿ ನಾನು ಕೂತೇ ಇರ್ಬೇಕಾ?"

ಇಪ್ಪತ್ತು ವರ್ಷದ ಹಿಂದೆ ಆಗಿದ್ದರೆ ಹೆಚ್ಚುಕಡಿಮೆ ಎಲ್ಲ ಡಾಕ್ಟರೂ ಹೌದು ಅನ್ನುತ್ತಿದ್ದರು. ಈಗ ಆ ಉತ್ತರ ಬದಲಾಗಿದೆ. ಆದರೆ ಬದಲಾದ ಸುದ್ದಿ ನಮ್ಮ ಮನೆಗಳಿಗೆ ಸರಿಯಾಗಿ ಬಂದಿಲ್ಲ. ಬಂದರೂ ಅರ್ಧ ಬರುತ್ತದೆ. ಹೆದರುವವರು ಇನ್ನೂ ಹೆದರುತ್ತಾರೆ, ಧೈರ್ಯ ಮಾಡುವವರು ಪರೀಕ್ಷೆಯೇ ಇಲ್ಲದೆ ಮ್ಯಾರಥಾನ್‌ಗೆ ಹೆಸರು ಕೊಡುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಹೋದಾಗ ಇಲ್ಲಿ ಮಾಟುಂಗಾದಲ್ಲೂ ಜನ ಕಣ್ಣೀರಿಟ್ಟರು. ಆವತ್ತಿನಿಂದ ಜಿಮ್ ಅಂದರೆ ಭಯ, ಓಟ ಅಂದರೆ ಭಯ. ಆದರೆ ಓಡುವಾಗ ಕುಸಿಯುವವರೆಲ್ಲರಿಗೂ ಒಂದೇ ಕಾಯಿಲೆ ಇರುವುದಿಲ್ಲ. 35 ವರ್ಷ ದಾಟಿದವರಲ್ಲಿ ಹೆಚ್ಚಾಗಿ ಕಾರಣ ರಕ್ತನಾಳದಲ್ಲಿ ಕಟ್ಟಿಕೊಂಡ ಕೊಬ್ಬು, ಅಂದರೆ ನಾವು ಬ್ಲಾಕ್ ಅನ್ನುವುದು. ಅದಕ್ಕಿಂತ ಚಿಕ್ಕವರಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಹುಟ್ಟಿನಿಂದಲೇ ಜೀನ್‌ನಲ್ಲಿ ಬಂದ ಕಾಯಿಲೆಗಳು. ಹೃದಯದ ಮಾಂಸ ದಪ್ಪ ಆಗುವುದು, ಮಾಂಸದ ಜಾಗದಲ್ಲಿ ಕೊಬ್ಬು ಸೇರುವುದು, ಅಥವಾ ಹೃದಯ ನೋಡಲು ಪೂರ್ತಿ ಚೆನ್ನಾಗಿದ್ದು ಅದರ ಕರೆಂಟ್ ಮಾತ್ರ ತಪ್ಪುವುದು. ಈ ಲೇಖನ ಇವುಗಳ ಬಗ್ಗೆ.

ಎಚ್‌ಸಿಎಂ ಅಪರೂಪ ಅಂದುಕೊಳ್ಳಬೇಡಿ. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುವುದು ಎಲ್ಲರೂ ಒಪ್ಪಿದ ಹಳೆಯ ಲೆಕ್ಕ. ತಂದೆ ಅಥವಾ ತಾಯಿಗೆ ಆ ಜೀನ್ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣು ಅಂತ ಭೇದ ಇಲ್ಲ. ಇದಲ್ಲದೆ ನಮ್ಮ ದೇಶದ್ದೇ ಒಂದು ವಿಶೇಷ ಇದೆ. ಹೃದಯದ ಮಾಂಸ ಕಟ್ಟುವ ಒಂದು ಜೀನ್‌ನಲ್ಲಿ 25 ಅಕ್ಷರಗಳ ತುಂಡು ಬಿಟ್ಟುಹೋಗಿರುವುದು ಭಾರತದ ಸುಮಾರು ಶೇಕಡಾ 4ರಷ್ಟು ಜನರಲ್ಲಿ ಕಾಣುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಅದಿರುವವರೆಲ್ಲ ರೋಗಿಗಳಲ್ಲ. ಅನೇಕರಿಗೆ ಯೌವನದಲ್ಲಿ ಏನೂ ಕಾಣುವುದಿಲ್ಲ, ವಯಸ್ಸಾದಂತೆ ಹೃದಯ ಸೋಲುವ ಅಪಾಯ ಜಾಸ್ತಿ ಆಗುತ್ತದೆ. ಆದರೆ ತಂದೆ ತಾಯಿ ಎರಡೂ ಕಡೆಯಿಂದ ತುಂಡು ಬಿಟ್ಟುಹೋದ ಜೀನ್ ಬಂದರೆ ಮಕ್ಕಳಲ್ಲೇ ಕಾಯಿಲೆ ಜೋರಾಗಿ ಬರಬಹುದು. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲಿ ಇದನ್ನು ನೆನಪಿಡಬೇಕು.

ಇನ್ನು "ಆಟ ಬಂದ್" ಅನ್ನುವ ಮಾತು ಎಲ್ಲಿಂದ ಬಂತು ಅಂತ ನೋಡೋಣ. ಅಮೆರಿಕದ ತಜ್ಞರು 2005ರಲ್ಲಿ ಒಂದು ಮಾರ್ಗಸೂಚಿ ತಂದರು. ಎಚ್‌ಸಿಎಂ ಇದ್ದವರು ತೀರಾ ಹಗುರವಾದ ಆಟ ಬಿಟ್ಟು ಬೇರೆ ಯಾವ ಸ್ಪರ್ಧೆಗೂ ಇಳಿಯಬಾರದು ಅಂತ ಅದರಲ್ಲಿತ್ತು. ಹಗುರವಾದ ಆಟಗಳ ಪಟ್ಟಿಯಲ್ಲಿ ಬಿಲಿಯರ್ಡ್ಸ್, ಗಾಲ್ಫ್, ರೈಫಲ್ ಶೂಟಿಂಗ್ ಜೊತೆಗೆ ಕ್ರಿಕೆಟ್ ಕೂಡ ಇತ್ತು! ಮೇ ತಿಂಗಳ ಬಿಸಿಲಲ್ಲಿ ಆಜಾದ್ ಮೈದಾನದಲ್ಲಿ ಹತ್ತು ಓವರ್ ಫಾಸ್ಟ್ ಬೌಲಿಂಗ್ ಮಾಡಿದ ಯಾರನ್ನಾದರೂ ಕೇಳಿ, ಅದು ಹಗುರವೋ ಅಂತ. ಕಬಡ್ಡಿ, ಖೋ ಖೋ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆ ಪಟ್ಟಿ ಅವರ ಊರಿನ ಆಟಗಳಿಗೆ ಮಾಡಿದ್ದು. ನಮ್ಮ ಡಾಕ್ಟರು ಅದನ್ನು ಹಿಡಿದು ನಮ್ಮ ಹುಡುಗನಿಗೆ ಉತ್ತರ ಹೇಳುವುದು ಕಷ್ಟ.

ಕಬಡ್ಡಿಯನ್ನೇ ತೆಗೆದುಕೊಳ್ಳಿ. ಒಂದು ರೈಡ್ 30 ಸೆಕೆಂಡು. ಉಸಿರು ಕಟ್ಟಿ ಹೇಳುತ್ತಲೇ ನುಗ್ಗಬೇಕು, ಸಿಕ್ಕಿಬಿದ್ದರೆ ನಾಲ್ಕು ಜನರ ಹಿಡಿತ ಬಿಡಿಸಿಕೊಳ್ಳಬೇಕು. ಆಮೇಲೆ ಸುಮ್ನೆ ನಿಂತಿರಬೇಕು. ಅಂದರೆ ಇದ್ದಕ್ಕಿದ್ದಂತೆ ಏರುವ, ಇದ್ದಕ್ಕಿದ್ದಂತೆ ಇಳಿಯುವ ಶ್ರಮ. ದಪ್ಪಗೋಡೆಯ ಹೃದಯಕ್ಕೆ ಹಿಡಿಸದ್ದು ಇಂಥದ್ದೇ. ಕೆಲವರಲ್ಲಿ ಆ ದಪ್ಪ ಗೋಡೆ ರಕ್ತ ಹೊರಗೆ ಹೋಗುವ ದಾರಿಗೇ ಅಡ್ಡ ಬರುತ್ತದೆ. ಮೈಯಲ್ಲಿ ನೀರು ಕಮ್ಮಿ ಆದಷ್ಟೂ, ಹೃದಯ ಜೋರಾಗಿ ಹಿಂಡಿದಷ್ಟೂ ಆ ದಾರಿ ಇನ್ನೂ ಕಿರಿದಾಗುತ್ತದೆ. ಅದಕ್ಕೇ ಸೆಕೆಯಲ್ಲಿ ಬೆವರು ಸುರಿಸಿ ಆಡುವಾಗ, ಅಥವಾ ಆಡಿ ನಿಲ್ಲಿಸಿದ ತಕ್ಷಣ ತಲೆ ಸುತ್ತಿ ಬೀಳುತ್ತಾರೆ.

ಈ ಕಣ್ಣಲ್ಲಿ ನೋಡಿದರೆ ಆಟ ಅನ್ನುವ ಹೆಸರೇ ಇಲ್ಲದ ಎಷ್ಟೋ ಶ್ರಮ ಕಾಣುತ್ತದೆ. ಮುಂಬೈಯ ನಮ್ಮ ಯಕ್ಷಗಾನ ಮಂಡಳಿಗಳಲ್ಲಿ ಹದಿಹರೆಯದ ಮಕ್ಕಳು ಭಾರದ ವೇಷ ಕಟ್ಟಿಕೊಂಡು, ಕಿರೀಟ ಬಿಗಿದುಕೊಂಡು, ದೀಪದ ಕಾವಿನಲ್ಲಿ ದಿಗಿಣ ಹಾರುತ್ತಾರೆ. ಅದು ಯಾವ ಡಾಕ್ಟರ ಪಟ್ಟಿಯಲ್ಲೂ ಇಲ್ಲ. ನಮ್ಮ ಹುಡುಗನಿಗೆ ಕಬಡ್ಡಿ ಬೇಡ ಅಂದರು, ಸರಿ. ಅದೇ ಹುಡುಗ ದಿನಾ ಬೆಳಿಗ್ಗೆ ಬೆನ್ನಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಡೊಂಬಿವಲಿಯ ಮೇಲ್ಸೇತುವೆ ಮೆಟ್ಟಿಲು ಎರಡೆರಡು ಹಾರಿ ಫಾಸ್ಟ್ ಲೋಕಲ್ ಹಿಡಿಯುತ್ತಿದ್ದ. ಮೈ ಬಿಸಿ ಮಾಡಿಕೊಳ್ಳುವುದಿಲ್ಲ, ನೀರು ಕುಡಿದಿರುವುದಿಲ್ಲ, ಒಮ್ಮೆಲೇ ಓಟ. ಅದರ ಬಗ್ಗೆ ಯಾರೂ ಒಂದು ಮಾತು ಹೇಳಲಿಲ್ಲ. ನಿಷೇಧ ಆಟದ ಹೆಸರಿಗೆ ಬಿತ್ತು, ಶ್ರಮದ ರೀತಿಗೆ ಬೀಳಲಿಲ್ಲ. ನನಗೆ ಬೇಜಾರಾಗಿದ್ದು ಅಲ್ಲಿ.

ಕೂರಿಸಿದ್ದರಿಂದ ಏನಾಯಿತು? ಎರಡು ವರ್ಷದಲ್ಲಿ ಅವನ ತೂಕ 17 ಕಿಲೋ ಏರಿತು. ಗೆಳೆಯರ ಫೋನ್ ಎತ್ತುವುದು ಬಿಟ್ಟ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ಕಾಯಿಲೆಯೋ ತೂಕವೋ ಗೊತ್ತಾಗುತ್ತಿರಲಿಲ್ಲ. ಎಚ್‌ಸಿಎಂ ಇದ್ದವರಿಗೆ ಬೊಜ್ಜು ಬಂದರೆ ಹೃದಯದ ಕಷ್ಟ ಹೆಚ್ಚುತ್ತದೆ ಅನ್ನುವುದು ಈಗ ಚೆನ್ನಾಗಿ ಗೊತ್ತಿರುವ ವಿಷಯ. ಕಾಪಾಡಲು ಕೊಟ್ಟ ಸಲಹೆಯೇ ಇನ್ನೊಂದು ಕಾಯಿಲೆ ತಂದಿತು.

ಈ ಯೋಚನೆ ವೈದ್ಯರಿಗೂ ಬಂತು. 2017ರಲ್ಲಿ ಅಮೆರಿಕದಲ್ಲಿ 136 ಎಚ್‌ಸಿಎಂ ರೋಗಿಗಳ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಅರ್ಧ ಜನರಿಗೆ 16 ವಾರ ಮಧ್ಯಮ ವ್ಯಾಯಾಮ ಮಾಡಿಸಿದರು. ಅವರ ಶಕ್ತಿ ಸ್ವಲ್ಪ ಹೆಚ್ಚಾಯಿತು, ದೊಡ್ಡ ತೊಂದರೆ ಯಾರಿಗೂ ಆಗಲಿಲ್ಲ. ಆಮೇಲೆ 2023ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೇಚಲ್ ಲ್ಯಾಂಪರ್ಟ್ ತಂಡದ ಅಧ್ಯಯನ ಬಂತು. ಎಚ್‌ಸಿಎಂ ಇದ್ದ ಅಥವಾ ಅದರ ಜೀನ್ ಇದ್ದ 8ರಿಂದ 60 ವರ್ಷದ 1,660 ಜನರನ್ನು ಮೂರು ವರ್ಷ ನೋಡಿಕೊಂಡರು. ಸಾವು, ಹೃದಯ ನಿಂತು ಬದುಕಿಸಿದ್ದು, ಲಯ ತಪ್ಪಿ ಪ್ರಜ್ಞೆ ಹೋಗಿದ್ದು, ಲಯ ಸರಿಪಡಿಸಲು ಎದೆಯೊಳಗೆ ಇಟ್ಟ ಯಂತ್ರ ಶಾಕ್ ಕೊಟ್ಟಿದ್ದು, ಎಲ್ಲ ಲೆಕ್ಕ ಹಾಕಿದರು. ಜೋರಾಗಿ ವ್ಯಾಯಾಮ ಮಾಡುವವರಲ್ಲಿ ಶೇಕಡಾ 4.7, ಮಾಡದವರಲ್ಲಿ ಶೇಕಡಾ 4.6. ಹೆಚ್ಚುಕಡಿಮೆ ಒಂದೇ.

2024ರ ಅಮೆರಿಕದ ಎಚ್‌ಸಿಎಂ ಮಾರ್ಗಸೂಚಿ ಇದನ್ನೆಲ್ಲ ನೋಡಿ ಬರೆದದ್ದು. ಎಲ್ಲರಿಗೂ ಒಂದೇ ನಿಷೇಧ ಹಾಕುವುದು ಬೇಡ. ಮಧ್ಯಮ ವ್ಯಾಯಾಮ ಒಳ್ಳೆಯದು. ಜೋರಿನ ಆಟ ಆಡಬೇಕಾ ಅನ್ನುವುದನ್ನು ಆ ಕಾಯಿಲೆ ಬಲ್ಲ ಡಾಕ್ಟರು ಮತ್ತು ರೋಗಿ ಕೂತು ಮಾತಾಡಿ ತೀರ್ಮಾನಿಸಲಿ, ಪ್ರತಿ ವರ್ಷ ಮತ್ತೆ ನೋಡಲಿ. ಯುರೋಪಿನವರು 2020ರಲ್ಲೇ ಹತ್ತಿರ ಹತ್ತಿರ ಇದೇ ದಾರಿಗೆ ಬಂದಿದ್ದರು.

ಈ ಸುದ್ದಿ ಓದಿ "ಹಾಗಾದ್ರೆ ಏನೂ ಆಗಲ್ಲ, ಓಡೋಣ" ಅನ್ನುವವರಿಗೆ ಒಂದು ಮಾತು. ಆ 1,660 ಜನ ಸುಮ್ನೆ ಬೀದಿಯಿಂದ ಬಂದವರಲ್ಲ. ಕಾಯಿಲೆ ಗೊತ್ತಿದ್ದವರು, ಒಳ್ಳೆಯ ಡಾಕ್ಟರ ಕೈಯಲ್ಲಿದ್ದವರು, ಅಪಾಯ ಅಳೆದುಕೊಂಡವರು. ಅವರ ಅಂಕಿ ನಮ್ಮದಾಗಬೇಕಾದರೆ ಅವರ ಹಾಗೆ ಪರೀಕ್ಷೆಯೂ ನಮ್ಮದಾಗಬೇಕು ಅಲ್ವಾ? ಗೋಡೆ 30 ಮಿಲಿಮೀಟರ್ ಮುಟ್ಟಿದೆಯಾ, ಕಾರಣ ಇಲ್ಲದೆ ಪ್ರಜ್ಞೆ ತಪ್ಪಿತ್ತಾ, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ಹೋಗಿದ್ದಾರಾ, ದಿನವಿಡೀ ಇಸಿಜಿ ಬರೆಯುವ ಹೋಲ್ಟರ್‌ನಲ್ಲಿ ಲಯ ತಪ್ಪುತ್ತದಾ, ಎಂಆರ್‌ಐನಲ್ಲಿ ಗಾಯದ ಕಲೆ ಎಷ್ಟು, ಹೃದಯದ ಹಿಂಡುವ ಶಕ್ತಿ ಕುಗ್ಗಿದೆಯಾ. ಇವುಗಳ ಉತ್ತರ ಇಲ್ಲದೆ ಯಾರೂ ಯಾರಿಗೂ ಓಡು ಅನ್ನಬಾರದು, ಕೂರು ಅಂತಲೂ ಅನ್ನಬಾರದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ವಂಶದ ಹೃದಯ ಕಾಯಿಲೆ ಅಂದರೆ ಎಲ್ಲ ಒಂದೇ ಅಂದುಕೊಳ್ಳುವುದು. ಆಗಲೇ ಹೇಳಿದ, ಮಾಂಸದ ಜಾಗದಲ್ಲಿ ಕೊಬ್ಬು ಸೇರುವ ಎಆರ್‌ವಿಸಿ ಅನ್ನುವ ಕಾಯಿಲೆಯಲ್ಲಿ ಹೃದಯದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗುಂಡಿಗಳೇ ದುರ್ಬಲ. ಅಂಗಿಯ ಸಡಿಲ ಗುಂಡಿಯನ್ನು ಜಗ್ಗಿದರೆ ಕಿತ್ತು ಬರುವ ಹಾಗೆ, ದೂರದ ಓಟ, ಸೈಕ್ಲಿಂಗ್‌ನಂಥ ದೀರ್ಘ ಶ್ರಮದಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಇಲ್ಲಿ ಓಟ ಬರೀ ಅಪಾಯದ ಕ್ಷಣ ಅಲ್ಲ, ಕಾಯಿಲೆಯನ್ನೇ ಬೆಳೆಸುತ್ತದೆ. ಜೀನ್ ಮಾತ್ರ ಇದ್ದು ಹೃದಯ ಇನ್ನೂ ಚೆನ್ನಾಗಿರುವವರಿಗೂ ಬಿರುಸಿನ, ದೀರ್ಘ ಶ್ರಮದ ಆಟ ಬೇಡ ಅನ್ನುತ್ತಾರೆ. ಎಚ್‌ಸಿಎಂನಲ್ಲಿ ಜೀನ್ ಇದ್ದು ಗೋಡೆ ದಪ್ಪ ಆಗಿಲ್ಲದವರಿಗೆ ಉತ್ತರ ಪೂರ್ತಿ ಉಲ್ಟಾ, ಅವರು ಸಾಮಾನ್ಯವಾಗಿ ಯಾವ ಆಟವನ್ನೂ ಆಡಬಹುದು. ಎರಡು ಮನೆಯವರು ಮದುವೆ ಮಂಟಪದಲ್ಲಿ ಪಕ್ಕಪಕ್ಕ ಕೂತು "ನಮ್ಮ ಮಗನಿಗೂ ಅದೇ ಜೀನ್, ಅವನು ಓಡ್ತಾನೆ" ಅಂತ ಮಾತಾಡಿಕೊಂಡರೆ ಏನಾಗಬಹುದು ಯೋಚಿಸಿ.

ಕರೆಂಟ್ ತಪ್ಪುವ ಕಾಯಿಲೆಗಳದ್ದು ಮತ್ತೊಂದು ಕಥೆ. ಲಾಂಗ್ ಕ್ಯುಟಿ ಅಂದರೆ ಪ್ರತಿ ಬಡಿತದ ನಂತರ ಹೃದಯದ ಕರೆಂಟ್ ಮತ್ತೆ ಸಜ್ಜಾಗಲು ಹೆಚ್ಚು ಹೊತ್ತು ಹಿಡಿಯುವುದು. ಅದರ ಒಂದು ಬಗೆಯಲ್ಲಿ ಈಜುವಾಗ ಅಪಾಯ. ಇನ್ನೊಂದು ಬಗೆಯಲ್ಲಿ ಅಲಾರಂ ಕಿರುಚಿದರೆ, ಪಟಾಕಿ ಸಿಡಿದರೆ ಅಪಾಯ. ಮೂರನೆಯದರಲ್ಲಿ ನಿದ್ದೆಯಲ್ಲಿ. ಬ್ರುಗಾಡ ಅನ್ನುವ ಇನ್ನೊಂದು ಕಾಯಿಲೆಯಲ್ಲಿ ಆಟಕ್ಕಿಂತ ಜ್ವರದ ಭಯ ಜಾಸ್ತಿ. ಸಿಪಿವಿಟಿ ಅನ್ನುವುದರಲ್ಲಿ ಮಲಗಿ ತೆಗೆದ ಇಸಿಜಿ ಸರಿಯಾಗೇ ಇರುತ್ತದೆ, ಎಕೋ ಕೂಡ. ಮಗು ಓಡಿದಾಗಲೋ ಸಿಟ್ಟು ಬಂದಾಗಲೋ ಮಾತ್ರ ಬೀಳುತ್ತದೆ. ಟ್ರೆಡ್‌ಮಿಲ್ ಹತ್ತಿಸದೆ ಅದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಇಂಥ ಮಕ್ಕಳಿಗೆ ಫಿಟ್ಸ್ ಅಂತ ವರ್ಷಗಟ್ಟಲೆ ಮಾತ್ರೆ ಕೊಡುವುದುಂಟು. ಹುಟ್ಟು ಕಿವುಡು ಇರುವ ಮಗು ಓಡುವಾಗ ಬಿದ್ದರೆ ಆವತ್ತೇ ಇಸಿಜಿ ಮಾಡಿಸಿ. ಕಿವುಡು ಮತ್ತು ಲಾಂಗ್ ಕ್ಯುಟಿ ಒಟ್ಟಿಗೆ ಬರುವ ಒಂದು ಕಾಯಿಲೆ ಇದೆ, ಸೋದರಿಕೆ ಸಂಬಂಧದ ಮದುವೆಗಳಲ್ಲಿ ಅದು ಹೆಚ್ಚು.

ಲಾಂಗ್ ಕ್ಯುಟಿ ಇದ್ದವರಿಗೆ ಆಟಕ್ಕಿಂತ ಮೆಡಿಕಲ್ ಶಾಪ್ ಬಗ್ಗೆಯೇ ಮೊದಲು ಹೇಳಬೇಕು ಅನ್ನಿಸುತ್ತದೆ. ಹೊಟ್ಟೆ ಉರಿ, ವಾಂತಿ ಅಂದರೆ ಕೊಡುವ ಎಷ್ಟೋ ಮಾತ್ರೆಗಳಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಗಂಟಲು ನೋವಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ. ಎರಡೂ ಅವರ ಹೃದಯದ ಲಯ ಕೆಡಿಸಬಲ್ಲವು. ಬೇಡದ ಔಷಧಿಗಳ ಪಟ್ಟಿಯನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಕು. ಇದೇ ರೀತಿ ಮಾತ್ರೆ ಮತ್ತು ಆಟ ಎದುರುಬದುರಾಗುವ ಇನ್ನೊಂದು ಜಾಗ ಇದೆ. ಈ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಮುಖ್ಯ ಔಷಧಿ ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್. ಹಗುರ ಆಟ ಅಂತ ಶೂಟಿಂಗ್ ಸೇರಿದರೆ ಅಲ್ಲಿ ಅದೇ ಮಾತ್ರೆ ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿದೆ, ಕೈ ನಡುಗದ ಹಾಗೆ ಮಾಡುತ್ತದೆ ಅಂತ. ಮೊದಲೇ ಅನುಮತಿಗೆ ಬರೆಯಬೇಕು.

ದೇಶ ಬದಲಾದರೆ ನಿಯಮವೂ ಬದಲು. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆ ಇಸಿಜಿ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಹಠಾತ್ ಸಾವು ಶೇಕಡಾ 89 ಕಮ್ಮಿ ಆಯಿತು ಅಂತ 2006ರ ವರದಿ ಹೇಳಿತು. ಇಸ್ರೇಲ್‌ನಲ್ಲಿ ಅಂಥದ್ದೇ ಕಾನೂನು ತಂದರೂ ಸಾವು ಕಮ್ಮಿ ಆದದ್ದು ಕಾಣಲಿಲ್ಲ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ 2021ರ ಜೂನ್ 12ರಂದು ಕೋಪನ್‌ಹೇಗನ್ ಮೈದಾನದಲ್ಲಿ ಕುಸಿದು, ಬದುಕಿ, ಎದೆಯಲ್ಲಿ ಶಾಕ್ ಕೊಡುವ ಯಂತ್ರ ಇಡಿಸಿಕೊಂಡರು. ಅದಿಟ್ಟುಕೊಂಡು ಇಟಲಿಯಲ್ಲಿ ಆಡುವಂತಿರಲಿಲ್ಲ. ಇಂಗ್ಲೆಂಡ್ ಬೇಡ ಅನ್ನಲಿಲ್ಲ. 2022ರಲ್ಲಿ ಅಲ್ಲಿ ಮೈದಾನಕ್ಕೆ ಇಳಿದರು. ಆ ಯಂತ್ರದ ಹೆಸರು ಐಸಿಡಿ. ಅದನ್ನಿಟ್ಟುಕೊಂಡು ಆಡುವ 372 ಆಟಗಾರರ ದಾಖಲೆ 2013ರಲ್ಲಿ ಪ್ರಕಟವಾಯಿತು. ಆಟದ ಹೊತ್ತಿಗೆ ಯಾರೂ ಸಾಯಲಿಲ್ಲ. ಆದರೆ ಶಾಕ್ ಹೊಡೆಸಿಕೊಂಡವರು ಇದ್ದರು. ಕಬಡ್ಡಿಯಂಥ ಮೈಗೆ ಮೈ ತಾಗುವ ಆಟದಲ್ಲಿ ಏಟು ಬಿದ್ದು ಯಂತ್ರದ ತಂತಿ ಹಾಳಾಗುವ ಭಯ ಬೇರೆ ಇದೆ.

ಈಗ ಆ ಮದುವೆ ಕಾಗದಕ್ಕೆ ವಾಪಸ್ ಬರುತ್ತೇನೆ.

ಹಾಳೆ ತುಂಬಿಸಲು ನಮಗೆ ಹತ್ತು ದಿನ ಬೇಕಾಯಿತು. ಮುಂಬೈಗೆ ಬಂದ ಮನೆಗಳ ಕಷ್ಟ ಇದು. ಹೋಟೆಲಿಗೆ ಅಂತ ಬಂದ ಅಜ್ಜ, ಊರಲ್ಲೇ ಉಳಿದ ಅಣ್ಣ, ಮದ್ರಾಸಿಗೆ ಹೋದ ಇನ್ನೊಬ್ಬ. ಯಾರು ಯಾವ ವಯಸ್ಸಿನಲ್ಲಿ ಹೇಗೆ ಹೋದರು ಅಂತ ಒಂದೇ ಕಡೆ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ತಾಯಿ ಕಡೆಯ ಲೆಕ್ಕ ಗಟ್ಟಿ, ತಂದೆ ಕಡೆಯದು ಸಡಿಲ. ಡಾಕ್ಟರಿಗೆ ಎರಡೂ ಬೇಕು. ಕೊನೆಗೆ ಕುಂದಾಪುರದ ದೊಡ್ಡಮ್ಮನಿಗೆ ಫೋನ್ ಮಾಡಿದೆವು. ನಮ್ಮ ಸೋದರಮಾವ ಒಬ್ಬರು 24ನೇ ವಯಸ್ಸಿಗೆ ದೇವಸ್ಥಾನದ ಕೆರೆಯಲ್ಲಿ ಮುಳುಗಿ ಹೋಗಿದ್ದರು. ಕೆರೆಯಲ್ಲಿ ಏನೋ ಇದೆ ಅಂತ ನಾವು ಮಕ್ಕಳು ಹೆದರಿಕೊಂಡೇ ಬೆಳೆದಿದ್ದೆವು. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಅವ್ನಿಗೆ ಈಜುಕೆ ಬತ್ತಿತ್ತ್ ಅಲ್ದಾ, ಮತ್ತೆ ಹ್ಯಾಂಗೆ ಮುಳುಗ್ದ?"

ಡಾಕ್ಟರು ಆ ಚೌಕದ ಮೇಲೆ ಪೆನ್ನಿಟ್ಟು ಬಹಳ ಹೊತ್ತು ನೋಡಿದರು. ಈಜು ಬಲ್ಲವರು ಮುಳುಗಿದ್ದು, ಬೈಕ್ ತಾನಾಗಿ ರಸ್ತೆ ಬಿಟ್ಟಿದ್ದು, ಫಿಟ್ಸ್ ಬಂದು ಹೋದರು ಅಂದಿದ್ದು, ರಾತ್ರಿ ಮಲಗಿದವರು ಏಳದಿದ್ದದ್ದು. ಇವೆಲ್ಲ ಹೃದಯದ ಲಯ ತಪ್ಪಿದ ಸಾವುಗಳಾಗಿರಬಹುದು ಅಂದರು. ಪೋಸ್ಟ್‌ಮಾರ್ಟಂ ಆಗಿದ್ದರೆ ಗೊತ್ತಾಗಬಹುದಿತ್ತು. ನಮ್ಮಲ್ಲಿ ಹೆಣ ಕೊಯ್ಯಿಸುವುದು ಬೇಡ ಅಂತಲೇ ಎಲ್ಲರೂ ಕೈ ಮುಗಿಯುತ್ತಾರೆ. ಹಾಸನದಲ್ಲಿ ಸಾಲಾಗಿ ಆದ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ 2025ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳಿಗೆ ಪೋಸ್ಟ್‌ಮಾರ್ಟಂ ಮಾಡಿಸುವುದಾಗಿ ಹೇಳಿತು. ಅದು ಸರಿಯಾಗಿ ನಡೆದರೆ ಉಳಿದವರ ಜೀವ ಉಳಿಯುತ್ತದೆ. ಸತ್ತವರ ತಮ್ಮ, ತಂಗಿ, ಮಕ್ಕಳಿಗೆ ಏನನ್ನು ಹುಡುಕಬೇಕು ಅಂತ ಗೊತ್ತಾಗುವುದು ಅಲ್ಲೇ.

ಹಾಳೆಯ ನಂತರ ಪರೀಕ್ಷೆ. ಅಕ್ಕನ ಎಕೋದಲ್ಲಿ ಗೋಡೆ 14 ಮಿಲಿಮೀಟರ್. ಮನೆಯಲ್ಲಿ ಕಾಯಿಲೆ ಇದ್ದಾಗ 13 ಇದ್ದರೂ ಲೆಕ್ಕಕ್ಕೆ ಬರುತ್ತದೆ. ಅವಳಿಗೆ 49, ಏದುಸಿರು ಬಂದರೆ ವಯಸ್ಸಾಯಿತು ಅಂದುಕೊಂಡಿದ್ದಳು. ನನ್ನದು ಸರಿ ಇತ್ತು, ಜೀನ್ ಪರೀಕ್ಷೆಯಲ್ಲೂ ನನಗೆ ಬಂದಿರಲಿಲ್ಲ. ಕಾಯಿಲೆ ಇರುವವರ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಇಸಿಜಿ, ಎಕೋ ಮಾಡಿಸಬೇಕು. ಒಂದು ಸಲ ಸರಿ ಬಂದರೆ ಮುಗಿಯಲಿಲ್ಲ. ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಜೀನ್ ಪರೀಕ್ಷೆಯಲ್ಲಿ ಮನೆಯ ತಪ್ಪು ಜೀನ್ ನಮಗಿಲ್ಲ ಅಂತ ಖಾತ್ರಿ ಆದವರಿಗೆ ಮಾತ್ರ ಆ ಓಡಾಟ ತಪ್ಪುತ್ತದೆ.

ನನ್ನ ಮನಸ್ಸಿನಲ್ಲಿ ಕೂತಿರುವುದು ಇದೇ. ಆಟ ಆಡಬಹುದಾ ಬೇಡವಾ ಅಂತ ನಾವು ಎರಡು ವರ್ಷ ಒಬ್ಬ ಹುಡುಗನ ಬಗ್ಗೆ ಜಗಳ ಆಡಿದೆವು. ಅವನ ಕಾಯಿಲೆಗೆ ಹೆಸರಿತ್ತು, ಮಾತ್ರೆ ಇತ್ತು, ಕಣ್ಣಿಡಲು ಹತ್ತು ಜನ ಇದ್ದರು. ಅದೇ ಹೊತ್ತಿಗೆ ಅದೇ ರಕ್ತದ ಇನ್ನೊಬ್ಬ ಹುಡುಗ ಥಾಣೆಯಲ್ಲಿ ದಹಿ ಹಂಡಿಯ ಮಾನವ ಗೋಪುರದಲ್ಲಿ ಮೇಲಿನ ಸಾಲಿಗೆ ಹತ್ತುತ್ತಿದ್ದ, ಒಂದು ಇಸಿಜಿ ಕೂಡ ಇಲ್ಲದೆ. ಯಾಕೆ ಮಾಡಿಸಲಿಲ್ಲ ಅಂದರೆ ಅವನ ಅಕ್ಕನಿಗೆ ಗಂಡು ನೋಡುತ್ತಿದ್ದರು. ಮನೆತನದ ಕಾಯಿಲೆ ಅಂತ ಊರಿಗೆ ಗೊತ್ತಾಗಬಾರದಲ್ಲ. ಆ ತಾಯಿಯ ಹೆದರಿಕೆ ಸುಳ್ಳಲ್ಲ, ನಾನು ಅವಳನ್ನು ಬೈಯಲಾರೆ. ಆದರೆ ಮೈದಾನದಲ್ಲಿ ಬೀಳುವ ಸರದಿ ಬಂದರೆ ಅದು ನಮ್ಮ ಹುಡುಗನದ್ದಲ್ಲ, ಅವಳ ಹುಡುಗನದ್ದು ಅನ್ನುವ ಭಯ ನನ್ನನ್ನು ಬಿಡುತ್ತಿರಲಿಲ್ಲ.

ಬಿದ್ದರೆ ಏನು ಮಾಡಬೇಕು ಅನ್ನುವುದೂ ಆಟದ ತೀರ್ಮಾನದ ಒಂದು ಭಾಗ. ಅಮೆರಿಕದ ಮ್ಯಾರಥಾನ್‌ಗಳ ಎರಡು ದೊಡ್ಡ ಲೆಕ್ಕ ಇವೆ. ಮೊದಲನೆಯದು 2000ದಿಂದ 2010ರವರೆಗಿನದು, ಎರಡನೆಯದು 2010ರಿಂದ 2023ರವರೆಗಿನದು. ಓಡುವಾಗ ಹೃದಯ ನಿಂತವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಲಕ್ಷ ಜನರಲ್ಲಿ ಒಬ್ಬರಿಗಿಂತ ಕಮ್ಮಿ. ಆದರೆ ಸತ್ತವರು ಅರ್ಧಕ್ಕೆ ಇಳಿದರು. ಹತ್ತಿರ ಇದ್ದವರು ತಕ್ಷಣ ಎದೆ ಒತ್ತಿದ್ದು ಮತ್ತು ಶಾಕ್ ಕೊಡುವ ಎಇಡಿ ಬೇಗ ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣ. ಏನೂ ಮಾಡದೆ ನಿಂತರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10 ಇಳಿಯುತ್ತದೆ. ಮುಂಬೈ ಟ್ರಾಫಿಕ್‌ನಲ್ಲಿ 108 ಆಂಬುಲೆನ್ಸ್ ಬರುವುದನ್ನು ಕಾಯುತ್ತಾ ಆ ನಿಮಿಷ ಎಣಿಸಿ ನೋಡಿ. ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ದಾರಿಯುದ್ದಕ್ಕೂ ಡಾಕ್ಟರುಗಳು ಇರುತ್ತಾರೆ. ನಮ್ಮ ಸಂಘಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಹಗ್ಗಜಗ್ಗಾಟಕ್ಕೆ, ಕಬಡ್ಡಿಗೆ, 50 ದಾಟಿದವರ ಓಟಕ್ಕೆ ಟ್ರೋಫಿ ಇರುತ್ತದೆ, ಊಟ ಇರುತ್ತದೆ. ಎಇಡಿ ನಾನು ನೋಡಿಲ್ಲ. ಎದೆ ಒತ್ತಲು ಬಲ್ಲವರು ಯಾರು ಅಂತ ಮೈಕಿನಲ್ಲಿ ಕೇಳಿದ್ದನ್ನೂ ಕೇಳಿಲ್ಲ. ನಿಮಿಷಕ್ಕೆ 100ರಿಂದ 120 ಸಲ, ಎದೆಯ ನಡುವೆ, ಎರಡು ಇಂಚು ಒಳಗೆ ಹೋಗುವ ಹಾಗೆ ಒತ್ತಬೇಕು. ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಅಕ್ಕನ ಮಗನಿಗೆ ಈಗ 26. ಎರಡನೆಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಮೂರು ಸಲ ಕೂರಿಸಿಕೊಂಡು ಮಾತಾಡಿದರು. ಪಂದ್ಯದ ಕಬಡ್ಡಿಯನ್ನು ಅವನೇ ಬಿಟ್ಟ. ಬಿಡಿಸಿದ್ದಕ್ಕೂ ಬಿಟ್ಟಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಅವನ ಮುಖ ನೋಡಿದರೆ ಗೊತ್ತಾಗುತ್ತದೆ. ವಾರಕ್ಕೆ ನಾಲ್ಕು ದಿನ, ಮಾತಾಡುತ್ತಾ ಓಡುವಷ್ಟು ನಿಧಾನಕ್ಕೆ, ಐದು ಕಿಲೋಮೀಟರ್ ಹೋಗುತ್ತಾನೆ. ಜೊತೆಗೆ ಇಬ್ಬರು ಗೆಳೆಯರು, ಇಬ್ಬರಿಗೂ ಎದೆ ಒತ್ತಲು ಬರುತ್ತದೆ. ಶನಿವಾರ ಸಂಜೆ ಚಿಕ್ಕ ಹುಡುಗರಿಗೆ ಕಬಡ್ಡಿ ಕಲಿಸುತ್ತಾನೆ. ಸೇರುವ ಮೊದಲು ಒಂದು ಕಾಗದ ತುಂಬಿಸುತ್ತಾನೆ, ಮನೆಯಲ್ಲಿ ಯಾರಾದರೂ 50ಕ್ಕಿಂತ ಮುಂಚೆ ಹಠಾತ್ತನೆ ಹೋಗಿದ್ದಾರಾ, ಓಡುವಾಗ ಎಂದಾದರೂ ಬಿದ್ದಿದ್ದೀಯಾ ಅಂತ.

ಥಾಣೆಯ ಹುಡುಗಿಗೆ ಕಳೆದ ಮೇ ತಿಂಗಳು ಮದುವೆ ಆಯಿತು. ಮದುವೆ ಮುಗಿದ ಹದಿನೈದು ದಿನಕ್ಕೆ ಅವಳ ಅಮ್ಮನೇ ಫೋನ್ ಮಾಡಿ ಆ ಡಾಕ್ಟರ ನಂಬರ್ ಕೇಳಿದಳು. ಹುಡುಗನ ಎಕೋ ಸರಿ ಬಂದಿದೆ, ಮತ್ತೆ ಎರಡು ವರ್ಷಕ್ಕೆ ನೋಡಬೇಕು. ಮದುವೆ ಕಾಗದದ ಹಿಂದೆ ಇನ್ನೂ ಐದು ಚೌಕ, ಮೂರು ಸೊನ್ನೆ ಖಾಲಿ ಇವೆ. ಇಬ್ಬರು ದುಬೈಯಲ್ಲಿದ್ದಾರೆ. ಒಬ್ಬ ಪುಣೆಯಲ್ಲಿ ಸೈಕಲ್ ತುಳಿಯುತ್ತಾನೆ, ನೂರು ಕಿಲೋಮೀಟರ್ ಹೋಗಿಬಂದ ಫೋಟೋ ಹಾಕುತ್ತಿರುತ್ತಾನೆ. ಈ ಭಾನುವಾರ ಅವನಿಗೆ ಫೋನ್ ಮಾಡಬೇಕು.